‘ಸಾಕು’ ಅನ್ನೋ ಪದ ನಮ್ಮ ಬಾಯಿಗೆ ಬಂದದ್ದು ಹೇಗೆ?

ಸ್ವಲ್ಪ ಉದ್ದ ಆಗಿದೆ. ಬಿಡುವು ಮಾಡ್ಕೊಂಡು ಓದಿ.

ಕಳೆದ ಭಾನುವಾರ ನಮ್ಮ ಶಿರಂಗಾಲದ ಕೇರಿಯ ಹುಡುಗಿಯೊಬ್ಬಳು ಒಂದು ಅರ್ಜಿ ಹಿಡಿದುಕೊಂಡು ಮನೆಗೆ ಬಂದಳು. ಎಂ.ಎಸ್‌ಸಿ. ಮುಗಿಸಿದ್ದಾಳೆ, ಒಳ್ಳೆಯ ಅಂಕ. ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆ ಜೀಪು ಹತ್ತಿ ಕಾಫಿ ತೋಟದ ಕೂಲಿಗೆ ಹೋಗುವವರು. ಅರ್ಜಿಯಲ್ಲಿ ಎಲ್ಲಾ ತುಂಬಿದ್ದಳು. ‘ನಿಮ್ಮ ಮುಂದಿನ ಗುರಿ’ ಅನ್ನೋ ಜಾಗ ಮಾತ್ರ ಖಾಲಿ. ಯಾಕವ್ವ ಅಂದೆ. “ಏನ್ ಬರೀಲಿ ಅಣ್ಣ, ಯಾವುದಾದ್ರೂ ಒಂದು ಕೆಲಸ ಸಿಕ್ಕರೆ ಸಾಕು” ಅಂದಳು.

ಆ ‘ಸಾಕು’ ನನ್ನನ್ನು ರಾತ್ರಿಯೆಲ್ಲ ಮಲಗಲು ಬಿಡಲಿಲ್ಲ. ಇದು ಅವಳ ಮಾತಲ್ಲ. ನನ್ನ ಅಜ್ಜನದ್ದು, ಅಪ್ಪನದ್ದು, ನನ್ನದೂ ಹೌದು. ಮೊಬೈಲ್ ತೆರೆದರೆ ‘ದೊಡ್ಡ ಕನಸು ಕಾಣಿ, ಧೈರ್ಯ ಮಾಡಿ’ ಅನ್ನುವ ಭಾಷಣಗಳು ಸಾಲುಸಾಲು. ನಮ್ಮವರಿಗೆ ಧೈರ್ಯ ಕಡಿಮೆ ಅಂತ ನಾನು ಒಪ್ಪಲ್ಲ. ನಮ್ಮ ಗುರಿಯನ್ನು ಬೇರೆಯವರು ಅಳೆದು, ರೇಷನ್ ಹಾಗೆ ಕೊಟ್ಟ ಚರಿತ್ರೆ ಇದೆ. ಅದನ್ನು ಓದದೆ ಧೈರ್ಯದ ಮಾತು ಆಡಬಾರದು.

ಮೊದಲು ನಮ್ಮ ಕೊಡಗನ್ನೇ ನೋಡಿ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತಮ್ಮ ಕೈಗೆ ತೆಗೆದುಕೊಂಡರು. ಆಗ ಇಲ್ಲಿನ ಹೊಲಗದ್ದೆ ನಡೆಯುತ್ತಿದ್ದದ್ದು ಜೀತದ ಬೆನ್ನ ಮೇಲೆ. 1870ರಲ್ಲಿ ಬಂದ ರಿಕ್ಟರ್‌ನ ಕೊಡಗಿನ ಕೈಪಿಡಿಯಲ್ಲಿ ಹೊಲೆಯರನ್ನು ಬಗೆಬಗೆಯಾಗಿ ವಿಂಗಡಿಸಿದ ವಿವರ ಇದೆ. ಕೆಲವರು ಭೂಮಿಗೆ ಅಂಟಿದವರು, ಭೂಮಿ ಕೈಬದಲಾದರೆ ಅವರೂ ಅದರ ಜೊತೆಗೆ. ಇನ್ನು ಕೆಲವರು ಒಡೆಯನ ಸ್ವಂತ ಆಸ್ತಿ, ಮಾರಬಹುದು, ಅಡವಿಡಬಹುದು. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದ ಕಾಯ್ದೆ ಬಂದದ್ದು 1843ರಲ್ಲಿ. ಕಾಗದದಲ್ಲಿ ಹೋದ ಜೀತ ಗದ್ದೆಯಲ್ಲಿ ಅಷ್ಟು ಬೇಗ ಹೋಗುತ್ತಾ? ನಾಳೆ ಯಾವ ಗದ್ದೆಯಲ್ಲಿ ಇರಬೇಕು ಅನ್ನೋದನ್ನೂ ತಾನು ತೀರ್ಮಾನಿಸಲಾಗದ ಮನುಷ್ಯ ‘ಗುರಿ’ ಅಂತ ಏನನ್ನು ಇಟ್ಟುಕೊಳ್ಳಬೇಕಿತ್ತು? ರಾತ್ರಿ ಗಂಜಿ ಸಿಕ್ಕರೆ ಸಾಕು. ಆ ಪದ ಹುಟ್ಟಿದ್ದು ಅಲ್ಲಿ.

ಶಿರಂಗಾಲ ಗಡಿಯ ಊರು. ಕಾವೇರಿ ಕೊಡಗಿಗೆ ಬೆನ್ನು ಹಾಕಿ ಹೋಗುವುದು ನಮ್ಮ ಕಡೆಯಿಂದಲೇ. 1956ರ ನವೆಂಬರ್ 1ರವರೆಗೆ ಕೊಡಗು ಬೇರೆ, ಆಚೆಗಿದ್ದ ಮೈಸೂರು ಬೇರೆ. ಆ ಮೈಸೂರಿನಲ್ಲಿ 1915ರಲ್ಲಿ, ಸರ್ಕಾರಿ ಶಾಲೆಗಳಲ್ಲಿ ಜಾತಿ ನೋಡಿ ಮಕ್ಕಳನ್ನು ಹೊರಗಿಡಬಾರದು ಅಂತ ಆದೇಶ ಆಯಿತು. ಮೇಲ್ಜಾತಿಯವರು ಗಲಾಟೆ ಮಾಡಿದರು, ಮಕ್ಕಳನ್ನು ಶಾಲೆ ಬಿಡಿಸಿದರು. ಆದರೂ ಆದೇಶ ನಿಂತಿತು. ಮೈಸೂರು ನಗರದ ಪಂಚಮರ ವಸತಿ ಶಾಲೆಯಲ್ಲಿ ತಲಕಾಡು ರಂಗೇಗೌಡರು, ಗೋಪಾಲಸ್ವಾಮಿ ಅಯ್ಯರ್ ಅಂಥವರು ನಮ್ಮ ಮಕ್ಕಳಿಗಾಗಿ ದುಡಿದರು. ಅವರ ಋಣ ದೊಡ್ಡದು. ಆದರೆ ಆ ಕಾಲದಲ್ಲಿ ನಮ್ಮ ಮಕ್ಕಳಿಗೆ ಅಕ್ಷರದ ಜೊತೆ ಹೇಳಿಕೊಟ್ಟದ್ದು ನೇಯ್ಗೆ, ಮರಗೆಲಸ, ಚರ್ಮದ ಕೆಲಸ. ಒಳ್ಳೆಯ ಮನಸ್ಸಿನವರ ಕಣ್ಣಿಗೂ ನಮ್ಮ ಮಕ್ಕಳು ಮೇಷ್ಟ್ರಾಗಿ, ವಕೀಲರಾಗಿ, ದಿವಾನರಾಗಿ ಕಾಣುವುದು ಸುಲಭ ಇರಲಿಲ್ಲ. ಬಾಗಿಲು ತೆರೆದರು, ಸೂರು ಮಾತ್ರ ಗಿಡ್ಡ ಇಟ್ಟರು.

ಹೀಗಿದ್ದ ಕಾಲದಲ್ಲಿ, 1913ರಲ್ಲಿ, 22 ವರ್ಷದ ಒಬ್ಬ ಹುಡುಗ ಬರೋಡ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಹೋಗುತ್ತಾನೆ. ಬಾಬಾಸಾಹೇಬರ ಪದವಿಗಳ ಪಟ್ಟಿ ನಮಗೆಲ್ಲ ಬಾಯಿಪಾಠ. ಅವುಗಳ ಮಧ್ಯೆ ಇರುವ ಸೋಲುಗಳ ಪಟ್ಟಿ ಗೊತ್ತಾ? ನಾನು ಹೇಳಬೇಕು ಅಂದುಕೊಂಡದ್ದು ಅದನ್ನೇ.

1916ರಲ್ಲಿ ಲಂಡನ್ನಿಗೆ ಹೋದರು. ಅರ್ಥಶಾಸ್ತ್ರ ಒಂದು ಕಡೆ, ಬ್ಯಾರಿಸ್ಟರ್ ಓದು ಇನ್ನೊಂದು ಕಡೆ. ಮರುವರ್ಷವೇ ವಿದ್ಯಾರ್ಥಿವೇತನ ಮುಗಿಯಿತು. ಓದು ಅರ್ಧಕ್ಕೇ ನಿಂತಿತು. ಬರುವಾಗ ಅವರ ಸಾಮಾನು ಹೊತ್ತಿದ್ದ ಹಡಗನ್ನು ಮೊದಲ ಮಹಾಯುದ್ಧದ ಜಲಾಂತರ್ಗಾಮಿ ಮುಳುಗಿಸಿತು, ಪುಸ್ತಕಗಳು ಸಮುದ್ರದ ಪಾಲಾದವು. ಬರೋಡದಲ್ಲಿ ಕೆಲಸಕ್ಕೆ ಸೇರಿದರೆ ಉಳಿಯಲು ಮನೆ ಇಲ್ಲ. ಪಾರ್ಸಿ ಛತ್ರದಿಂದ ಕೋಲು ಹಿಡಿದವರು ಹೊರಗೆ ಹಾಕಿದರು. ಕೊಲಂಬಿಯಾದಲ್ಲಿ ಓದಿ ಬಂದವರು ಮರದ ಕೆಳಗೆ ಕೂತು ಅತ್ತರು.

ನಾವಾಗಿದ್ದರೆ ಅಲ್ಲಿಗೆ ‘ಇಷ್ಟು ಓದಿದ್ದು ಸಾಕು’ ಅಂತಿದ್ವಿ. ಅವರು ಲಂಡನ್ ಬಿಡುವ ಮೊದಲೇ ನಾಲ್ಕು ವರ್ಷದೊಳಗೆ ವಾಪಸ್ ಬಂದು ಓದು ಮುಂದುವರಿಸಲು ವಿಶ್ವವಿದ್ಯಾಲಯದಿಂದ ಅನುಮತಿ ತೆಗೆದುಕೊಂಡಿದ್ದರು. ಇದನ್ನು ಗಮನಿಸಿ. ಕೈಯಲ್ಲಿ ಕಾಸಿಲ್ಲ, ಆದರೆ ಬಾಗಿಲಿಗೆ ಬೀಗ ಬೀಳದ ಹಾಗೆ ಕಾಲು ಅಡ್ಡ ಇಟ್ಟು ಬಂದಿದ್ದಾರೆ. ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಮಾಡಿ ಸಂಬಳದಲ್ಲಿ ಉಳಿಸಿದರು. ಕೊಲ್ಹಾಪುರದ ಶಾಹು ಮಹಾರಾಜರ ನೆರವು ಬಂತು. ಪಾರ್ಸಿ ಗೆಳೆಯ ನವಲ್ ಭಾಥೇನಾ ಹತ್ತಿರ ಸಾಲ ಮಾಡಿದರು. (ಹೊರಗೆ ಹಾಕಿದವರೂ ಪಾರ್ಸಿಗಳೇ, ಕೈಹಿಡಿದವನೂ ಪಾರ್ಸಿಯೇ. ಇದೂ ನೆನಪಿರಲಿ.) 1920ರಲ್ಲಿ ಮತ್ತೆ ಲಂಡನ್. ರೂಪಾಯಿಯ ಸಮಸ್ಯೆ ಕುರಿತ ಪ್ರಬಂಧ ಕೊಟ್ಟರೆ ಪರೀಕ್ಷಕರು ತಿದ್ದಿ ಬರೆಯಿರಿ ಅಂದರು. ತಿದ್ದಿದರು. 1923ರಲ್ಲಿ ಡಿ.ಎಸ್‌ಸಿ. ಬಂತು. ಇಷ್ಟೂ ದಿನ ಮುಂಬಯಿಯಲ್ಲಿ ಬಡತನ ಎಳೆದವರು ರಮಾಬಾಯಿ. ಆ ಗುರಿಯ ಬೆಲೆಯಲ್ಲಿ ಅವರ ಪಾಲೂ ಇದೆ. ನಮ್ಮ ಭಾಷಣಗಳಲ್ಲಿ ಅದು ಒಂದು ಸಾಲಿಗೆ ಮುಗಿದುಹೋಗುತ್ತೆ.

ಅಂದರೆ ದೊಡ್ಡ ಗುರಿ ಅನ್ನೋದು ಎದೆ ಉಬ್ಬಿಸಿ ಹೇಳುವ ಮಾತಲ್ಲ. ಒಂದು ಅನುಮತಿ ಪತ್ರ, ಒಂದಿಷ್ಟು ಉಳಿತಾಯ, ಒಂದು ಸಾಲ, ಒಬ್ಬ ಗೆಳೆಯ, ಎರಡನೇ ಸಲ ಬರೆಯುವ ತಾಳ್ಮೆ. ಧೈರ್ಯ ಇವುಗಳ ಹಿಂದೆ ಹಿಂದೆ ಬರುತ್ತೆ.

ಅವರು ತಾವು ಏರಿದ ಏಣಿಯನ್ನು ಎಳೆದುಕೊಳ್ಳಲಿಲ್ಲ. 1942ರಲ್ಲಿ ವೈಸ್‌ರಾಯ್ ಮಂಡಳಿಯ ಸದಸ್ಯರಾದಾಗ ನಮ್ಮ ಮಕ್ಕಳ ಉನ್ನತ ಓದಿಗೆ, ವಿದೇಶದ ಓದಿಗೆ ಸರ್ಕಾರದ ಹಣ ಕೇಳಿದರು. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ಇವತ್ತು ನಮ್ಮ ಮಕ್ಕಳ ಖಾತೆಗೆ ತಡವಾಗಿಯಾದರೂ ಬರುವ ದುಡ್ಡಿನ ಬೇರು ಅದು. ಮುಂದೆ ನಮ್ಮ ರಾಜ್ಯದಲ್ಲಿ ಹಾಸ್ಟೆಲ್ಲುಗಳು ಬಂದವು. 1973ರ ನವೆಂಬರಿನಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಆಡಿದ ‘ಬೂಸಾ’ ಮಾತಿಗೆ ಅವರ ಮಂತ್ರಿಗಿರಿ ಹೋಯಿತು, ಹಾಸ್ಟೆಲ್ ಹುಡುಗರಿಗೆ ಏಟು ಬಿತ್ತು. ಆ ಏಟು ತಿಂದ ತಲೆಮಾರೇ ಬಿ. ಕೃಷ್ಣಪ್ಪನವರ ಜೊತೆ ದಲಿತ ಸಂಘರ್ಷ ಸಮಿತಿ ಕಟ್ಟಿತು. ಹೆಂಡದಂಗಡಿ ಬೇಡ, ವಸತಿ ಶಾಲೆ ಕೊಡಿ ಅಂತ ಬೀದಿಯಲ್ಲಿ ಕೂಗಿತು. ನಾನು ಹಾಸ್ಟೆಲ್‌ನಲ್ಲಿ ಉಂಡ ಅನ್ನ ಆ ಕೂಗಿನದ್ದು.

ಈಗ ನಮ್ಮೊಳಗಿನ ಮಾತು. ಚಳವಳಿಯವರಲ್ಲಿ ಒಂದು ಕಾಯಿಲೆ ಇದೆ. ಯಾರಾದರೂ ‘ನಾನು ಪಿಎಚ್‌.ಡಿ. ಮಾಡ್ತೀನಿ, ವಿದೇಶಕ್ಕೆ ಹೋಗ್ತೀನಿ’ ಅಂದರೆ, ಇವನು ಸ್ವಾರ್ಥಿ ಆದ ಅಂತೀವಿ. 1956ರಲ್ಲಿ ಆಗ್ರಾದಲ್ಲಿ ಬಾಬಾಸಾಹೇಬರು ಓದಿದವರು ನನಗೆ ಮೋಸ ಮಾಡಿದರು ಅಂತ ನೊಂದದ್ದನ್ನು ಎತ್ತಿ ಹೊಡೀತೀವಿ. ಅವರು ನೊಂದದ್ದು ಓದಿದವರು ಹಿಂದೆ ತಿರುಗಿ ನೋಡಲಿಲ್ಲ ಅಂತ. ಓದಿದ್ದೇ ತಪ್ಪು ಅಂತ ಅಲ್ಲ.

ನನ್ನ ಬಗ್ಗೆಯೂ ಹೇಳಿಬಿಡ್ತೀನಿ. ನಾನು ಎಲ್‌ಎಲ್‌.ಬಿ. ಅರ್ಧಕ್ಕೆ ಬಿಟ್ಟವನು. ಕೇಳಿದವರಿಗೆಲ್ಲ ‘ಚಳವಳಿಗಾಗಿ ಬಿಟ್ಟೆ’ ಅಂತ ಹೇಳಿಕೊಂಡು ಬಂದಿದ್ದೀನಿ. ಅರ್ಧ ಸುಳ್ಳು. ಎರಡು ವಿಷಯ ಫೇಲ್ ಆಗಿದ್ದೆ. ಹೈಸ್ಕೂಲಿನಲ್ಲಿ ಒಬ್ಬ ಮೇಷ್ಟ್ರು ‘ನಿಂಗೆ ಐಟಿಐ ಸಾಕು ಕಣೋ’ ಅಂದಿದ್ದರು. ಅವರ ಮಾತು ನಿಜವಾಗಿಬಿಡುತ್ತೆ ಅನ್ನುವ ಹೆದರಿಕೆಗೆ ಮತ್ತೆ ಪರೀಕ್ಷೆ ಕಟ್ಟಲೇ ಇಲ್ಲ. ಮೆರವಣಿಗೆಯಲ್ಲಿ ಪೊಲೀಸರ ಲಾಠಿಗೆ ಹೆದರದವನು ಒಂದು ಅಂಕಪಟ್ಟಿಗೆ ಹೆದರಿ ಕೂತೆ. ನಮ್ಮ ಜನರ ಜಮೀನಿನ ಕೇಸು ಹಿಡಿದು ಬೇರೆಯವರ ಕಚೇರಿ ಬಾಗಿಲಲ್ಲಿ ಕಾಯುವಾಗೆಲ್ಲ ಇದು ಚುಚ್ಚುತ್ತೆ.

ಆ ಹುಡುಗಿಗೆ ಸೋಮವಾರ ಫೋನ್ ಮಾಡಿದೆ. 1917ರ ಕಥೆ ಹೇಳಿದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ, ನಮ್ಮ ರಾಜ್ಯದ ‘ಪ್ರಬುದ್ಧ’ ಯೋಜನೆ ಎರಡನ್ನೂ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ, “ನೀವು ಮತ್ತೆ ಪರೀಕ್ಷೆ ಕಟ್ತೀರಾ ಅಣ್ಣ?” ಅಂದಳು.

ಉತ್ತರ ಕೊಡೋಕೆ ಎರಡು ದಿನ ಬೇಕಾಯ್ತು. ನಿನ್ನೆ ಹೋಗಿ ಮರುಪ್ರವೇಶದ ನಿಯಮ ವಿಚಾರಿಸಿಕೊಂಡು ಬಂದೆ. ಅವಳು ಖಾಲಿ ಜಾಗ ತುಂಬಿದ್ದಾಳೆ. ಏನು ಬರೆದಳು ಅಂತ ಇಲ್ಲಿ ಹೇಳಲ್ಲ, ಅದು ಅವಳದ್ದು. ‘ಸಾಕು’ ಅನ್ನೋ ಪದ ಅದರಲ್ಲಿಲ್ಲ.

ನಿಮ್ಮ ಕೇರಿಯಲ್ಲೂ ಇಂಥ ಒಂದು ಅರ್ಜಿ ಅರ್ಧ ತುಂಬಿ ಬಿದ್ದಿರುತ್ತೆ. ಹೋಗಿ ಕೂತ್ಕೊಳ್ಳಿ, ಜೊತೆಗೆ ತುಂಬಿಸಿ. ನಿಮ್ಮದೇ ಆಗಿದ್ದರೆ ಇವತ್ತೇ ಹೊರಗೆ ತೆಗೀರಿ.

ಜೈ ಭೀಮ್.