ಚಿನಿವಾರನ ಕೈಯಲ್ಲಿ ಎರಡು ನಾಣ್ಯ

ನಮ್ಮ ಎರ್ಮಾಳಿನಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಉಡುಪಿ ದಾಟಿ ಬಾರಕೂರು, ದಕ್ಷಿಣಕ್ಕೆ ಹೋದರೆ ಮಂಗಳೂರು. ದೂರ ಹೆಚ್ಚುಕಡಿಮೆ ಒಂದೇ. ವಿಜಯನಗರದ ಕಾಲದಲ್ಲಿ ಇವೆರಡೂ ಬೇರೆ ಬೇರೆ 'ರಾಜ್ಯ'ಗಳ, ಅಂದರೆ ಪ್ರಾಂತ್ಯಗಳ, ಮುಖ್ಯ ಪಟ್ಟಣಗಳು. ಕರಾವಳಿಯ ಶಾಸನಗಳಲ್ಲಿ ಎಷ್ಟೋ ಕಡೆ ಮೊತ್ತವನ್ನು ಬರೀ ಗದ್ಯಾಣ ಅಂತ ಬರೆದು ಬಿಟ್ಟಿಲ್ಲ. 'ಬಾರಕೂರು ಗದ್ಯಾಣ', 'ಮಂಗಳೂರು ಗದ್ಯಾಣ' ಅಂತ ಊರನ್ನೂ ಸೇರಿಸಿ ಕೆತ್ತಿಸಿದ್ದಾರೆ. ಚಿನ್ನ ಚಿನ್ನವೇ ಆದರೂ ಯಾವ ಊರಿನ ಲೆಕ್ಕ ಅನ್ನೋದು ಮುಖ್ಯವಾಗಿತ್ತು.

ಇಷ್ಟೇ ಆಗಿದ್ದರೆ ಸುಲಭ. 1443ರಲ್ಲಿ ಮಂಗಳೂರಿನ ದಾರಿಯಾಗಿ ವಿಜಯನಗರಕ್ಕೆ ಹೋದ ಅಬ್ದುಲ್ ರಜಾಕ್ ಅಲ್ಲಿನ ನಾಣ್ಯಗಳ ಲೆಕ್ಕ ಬರೆದಿಟ್ಟಿದ್ದಾನೆ. ವರಾಹದ ಅರ್ಧ ಪ್ರತಾಪ, ಅದರ ಹತ್ತನೇ ಒಂದು ಪಾಲು ಹಣ, ಹಣದ ಆರನೇ ಒಂದು ಪಾಲು ತಾರ, ತಾರದ ಮೂರನೇ ಒಂದು ಪಾಲು ಜಿತಲ್. ಒಂದು ವರಾಹಕ್ಕೆ 360 ಜಿತಲ್! ಅದೂ ಚಿನ್ನ, ಬೆಳ್ಳಿ, ತಾಮ್ರ ಮೂರೂ ಕಲೆಸಿ. ಕ್ಯಾಲ್ಕುಲೇಟರ್ ಇಲ್ಲದ ಸಂತೆಯಲ್ಲಿ ಇದನ್ನೆಲ್ಲ ಬಿಡಿಸುತ್ತಿದ್ದವನು ಚಿನಿವಾರ. ತಕ್ಕಡಿ, ಒರೆಗಲ್ಲು ಇಟ್ಟುಕೊಂಡು ಕೂತಿರುತ್ತಿದ್ದ. ಒಂದು ನಾಣ್ಯ ಕೊಟ್ಟರೆ ತೂಗಿ, ಉಜ್ಜಿ ನೋಡಿ, ತನ್ನ ವಟ್ಟ ಮುರಿದುಕೊಂಡು ಇನ್ನೊಂದು ಕೊಡುತ್ತಿದ್ದ. ಎರಡೂ ನಾಣ್ಯ ಒಂದು ಗಳಿಗೆ ಅವನ ಕೈಯಲ್ಲೇ ಇರುತ್ತಿದ್ದವು. ಆ ಗಳಿಗೆಯನ್ನು ನೆನಪಿಟ್ಟುಕೊಳ್ಳಿ, ನನ್ನ ಮಾತೆಲ್ಲ ಅದರ ಮೇಲೇ ಇದೆ.

ಹೈದರಾಲಿಗೂ ಜನರ ನಂಬಿಕೆಯ ಬೆಲೆ ಗೊತ್ತಿತ್ತು ಅಂತ ಕಾಣುತ್ತದೆ. 1763ರಲ್ಲಿ ಬಿದನೂರು ಗೆದ್ದ ಮೇಲೆ ಇಕ್ಕೇರಿ ವರಾಹದ ಶಿವ-ಪಾರ್ವತಿಯರನ್ನು ಹಾಗೇ ಉಳಿಸಿಕೊಂಡು, ಹಿಂಬದಿಗೆ ಮಾತ್ರ ತನ್ನ ಹೆಸರಿನ ಮೊದಲ ಪರ್ಸಿಯನ್ ಅಕ್ಷರ ಹಾಕಿಸಿದ. ರಾಜ ಬದಲಾದ, ಪೇಟೆಯ ರೂಢಿ ಬದಲಾಗಲಿಲ್ಲ. ಆಮೇಲೆ ಕಂಪನಿ ಬಂತು. 1818ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ, ಅಂದರೆ ನಮ್ಮ ಕೆನರಾದಲ್ಲೂ, ಬೆಳ್ಳಿ ರೂಪಾಯಿಯೇ ಪ್ರಮಾಣ ಅಂತಾಯಿತು. ಒಂದು ನಕ್ಷತ್ರ ವರಾಹಕ್ಕೆ ಮೂರೂವರೆ ರೂಪಾಯಿ.

ಈಗ ನಿಮ್ಮ ಫೋನಿನಲ್ಲಿರುವ ಆ್ಯಪ್‌ಗೆ ಬರೋಣ. 2009ರ ಜನವರಿಯಲ್ಲಿ ಶುರುವಾದ ಬಿಟ್‌ಕಾಯಿನ್ ಮೂಲತಃ ಒಂದು ಖಾತೆ ಪುಸ್ತಕ. ಸಾವಿರಾರು ಕಂಪ್ಯೂಟರುಗಳಲ್ಲಿ ಅದರದೇ ಪ್ರತಿ. ಪ್ರತಿ ಪುಟದಲ್ಲೂ ಹಿಂದಿನ ಪುಟದ ಬೆರಳಚ್ಚು ಇರುವುದರಿಂದ ಹಳೆಯ ಪುಟ ತಿದ್ದಿದರೆ ಮುಂದಿನದೆಲ್ಲ ಹೊಂದಾಣಿಕೆ ತಪ್ಪುತ್ತದೆ. ಇದೇ ಬ್ಲಾಕ್‌ಚೈನ್. 2015ರಲ್ಲಿ ಬಂದ ಇಥೀರಿಯಂ ಬೇರೆಯದೇ ಪುಸ್ತಕ. ಒಂದರಲ್ಲಿ ಏನು ಬರೆದಿದೆ ಅಂತ ಇನ್ನೊಂದಕ್ಕೆ ಗೊತ್ತೇ ಆಗೋದಿಲ್ಲ. ಥೇಟ್ ಬಾರಕೂರು, ಮಂಗಳೂರು.

ಹಾಗಾಗಿ ಮಧ್ಯವರ್ತಿಯೇ ಬೇಡ ಅಂತ ಹುಟ್ಟಿದ ಹಣಕ್ಕೆ ಮತ್ತೆ ಚಿನಿವಾರ ಬೇಕಾದ. ಅವನ ಹೆಸರು ಈಗ ಎಕ್ಸ್‌ಚೇಂಜ್. ನಮ್ಮಲ್ಲಿ ಹೆಚ್ಚಿನವರು ಕಾಯಿನ್‌ಗಳನ್ನು ಅವನ ಪೆಟ್ಟಿಗೆಯಲ್ಲೇ ಬಿಟ್ಟಿರುತ್ತೇವೆ, ಗಳಿಗೆಯಲ್ಲ, ವರ್ಷಗಟ್ಟಲೆ. 2024ರ ಜುಲೈನಲ್ಲಿ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಕಳುವಾದಾಗ ಬ್ಲಾಕ್‌ಚೈನ್ ಒಡೆದಿರಲಿಲ್ಲ. ಕಳುವೂ ಅದರಲ್ಲಿ ಅಚ್ಚುಕಟ್ಟಾಗಿ ದಾಖಲಾಗಿತ್ತು. ಒಡೆದದ್ದು ಪೆಟ್ಟಿಗೆ.

ಚಿನಿವಾರನಿಲ್ಲದೆ ಬದಲಾಯಿಸಿಕೊಳ್ಳುವ ಉಪಾಯವೂ ಇದೆ, ಅಟಾಮಿಕ್ ಸ್ವಾಪ್ ಅಂತ. ನಾನು ಒಂದು ಗುಟ್ಟಿನ ಪದ ಆರಿಸಿಕೊಂಡು, ಅದರಿಂದ ಮಾತ್ರ ತೆರೆಯುವ ಬೀಗ ಹಾಕಿ ನನ್ನ ಬಿಟ್‌ಕಾಯಿನ್ ಇಡುತ್ತೇನೆ. ನೀವು ಅದೇ ಪದಕ್ಕೆ ತೆರೆಯುವ ಬೀಗ ಹಾಕಿ, ಆದರೆ ಕಡಿಮೆ ಗಡುವಿನಲ್ಲಿ, ನಿಮ್ಮ ಲೈಟ್‌ಕಾಯಿನ್ ಇಡುತ್ತೀರಿ. ನಾನು ನಿಮ್ಮದನ್ನು ತೆರೆಯಬೇಕಾದರೆ ಪದ ಬಹಿರಂಗ ಮಾಡಲೇಬೇಕು. ಅದನ್ನು ನೋಡಿಕೊಂಡು ನೀವು ನನ್ನದನ್ನು ತೆರೆಯುತ್ತೀರಿ. ನಾನು ಕೈಕೊಟ್ಟರೆ ಗಡುವು ಮುಗಿದ ಮೇಲೆ ಅವರವರದ್ದು ಅವರವರಿಗೆ ವಾಪಸ್. 2017ರಲ್ಲಿ ಲೈಟ್‌ಕಾಯಿನ್ ಮತ್ತು ಡಿಕ್ರೆಡ್ ನಡುವೆ ಇದನ್ನು ಮಾಡಿ ತೋರಿಸಿದರು. ಆದರೂ ಜನ ಎಕ್ಸ್‌ಚೇಂಜನ್ನೇ ಹಿಡಿದುಕೊಂಡಿದ್ದಾರೆ. ಬೀಗ, ಗಡುವು ಅಂತ ಯಾರು ಕಾಯುತ್ತಾರೆ ಹೇಳಿ? ಜೊತೆಗೆ ಎದುರು ಪಾರ್ಟಿಯನ್ನು ನಾವೇ ಹುಡುಕಬೇಕು.

ಅಂದಹಾಗೆ, ರೂಪಾಯಿ ಕೈಗೆ ಬಂದಿಲ್ಲ, ಒಂದು ಕಾಯಿನ್ ಕೊಟ್ಟು ಇನ್ನೊಂದು ತಗೊಂಡೆ ಅಷ್ಟೇ ಅಂತ ಸುಮ್ಮನಿರಬೇಡಿ. 2022ರ ಏಪ್ರಿಲ್‌ನಿಂದ ಆ ವಿನಿಮಯವೂ ಮಾರಾಟವೇ. ಲಾಭಕ್ಕೆ ಶೇಕಡಾ 30 ತೆರಿಗೆ, ಒಂದರಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಯಾವ ಚಿನಿವಾರನೂ ಅಷ್ಟು ವಟ್ಟ ಮುರಿದಿರಲಿಕ್ಕಿಲ್ಲ.