ಹಾಡಿನ ಅಂಗಗಳು: ಬಳ್ಳಿಗಾವೆಯಿಂದ ಯಂತ್ರದವರೆಗೆ



ದೀಪಾವಳಿಯ ರಾತ್ರಿಗಳಲ್ಲಿ ಸೊರಬ, ಸಾಗರ ಸೀಮೆಯ ಹಳ್ಳಿಗಳಲ್ಲಿ ಅಂಟಿಗೆ-ಪಂಟಿಗೆಯ ತಂಡಗಳು ದೀಪ ಹಿಡಿದು ಮನೆಯಿಂದ ಮನೆಗೆ ಹಾಡುತ್ತ ಹೋಗುತ್ತವೆ. ಮುಮ್ಮೇಳದವರು ಸಾಲೊಂದನ್ನು ಹೇಳುತ್ತಾರೆ, ಹಿಮ್ಮೇಳದವರು ಅದನ್ನು ಎತ್ತಿಕೊಳ್ಳುತ್ತಾರೆ. ಕೈಯಲ್ಲಿ ಪುಸ್ತಕವಿಲ್ಲ, ದಾರಿಯೋ ಕತ್ತಲು. ಆದರೂ ಉದ್ದನೆಯ ಹಾಡು ತಪ್ಪುವುದಿಲ್ಲ. ಹಿಮ್ಮೇಳ ಹಾಡುವಷ್ಟರಲ್ಲಿ ಮುಂದಿನವನಿಗೆ ಉಸಿರು ಸಿಗುತ್ತದೆ, ಮುಂದಿನ ನುಡಿ ನೆನಪಿಗೆ ಬರುತ್ತದೆ. ಹಾಡನ್ನು ಭಾಗ ಮಾಡುವ ಪದ್ಧತಿಯ ಹಿಂದೆ ಇಂಥ ಸರಳವಾದ ಅಗತ್ಯಗಳಿವೆ ಎಂಬುದನ್ನು ಮೊದಲು ಗಮನಿಸಬೇಕು.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ಸಾಹಿತ್ಯ ಬರೆದುಕೊಟ್ಟರೆ ರಾಗ, ಕಂಠ, ವಾದ್ಯಗಳನ್ನು ಕೂಡಿಸಿ ಹಾಡನ್ನೇ ತಯಾರಿಸುವ ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದಿವೆ. ಸುನೊ 2023ರಲ್ಲಿಯೂ ಯೂಡಿಯೊ 2024ರಲ್ಲಿಯೂ ಬಳಕೆಗೆ ಬಂದವು. ಅವುಗಳಿಗೆ ಸಾಹಿತ್ಯ ಕೊಡುವಾಗ ಪ್ರತಿ ಭಾಗದ ಮೇಲೆ ಚೌಕ ಕಂಸದಲ್ಲಿ ವರ್ಸ್, ಕೋರಸ್, ಬ್ರಿಡ್ಜ್ ಎಂದು ಗುರುತು ಹಾಕುವುದು ರೂಢಿ. ನಮ್ಮ ಅನೇಕ ವಿದ್ಯಾರ್ಥಿಗಳಿಗೆ ಇದು ಹೊರಗಿನಿಂದ ಬಂದ ಹೊಸ ವಿದ್ಯೆಯಂತೆ ತೋರಬಹುದು. ಆದರೆ ನಿಮ್ಮ ಮನೆಯಲ್ಲಿ ದಾಸರ ಪದಗಳ ಪುಸ್ತಕವಿದ್ದರೆ ತೆಗೆದು ನೋಡಿ. ಮೊದಲ ಸಾಲಿನ ಬಳಿ ‘ಪ’, ಮುಂದೆ ‘ಅ.ಪ’, ಆಮೇಲೆ 1, 2, 3 ಎಂಬ ಅಂಕಿಗಳು. ಪಲ್ಲವಿ, ಅನುಪಲ್ಲವಿ, ಚರಣಗಳ ಈ ಗುರುತುಗಳು ಮಾಡುವ ಕೆಲಸವೂ ಅದೇ ಅಲ್ಲವೆ?

ಈ ಕ್ರಮಕ್ಕೆ ದೀರ್ಘವಾದ ಇತಿಹಾಸವಿದೆ. ಸೊರಬದ ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ನಾಡಿನ ರಾಜಧಾನಿಯಾಗಿತ್ತು. ಅದೇ ವಂಶದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗೀತ, ವಾದ್ಯ, ನೃತ್ಯಗಳ ವಿಸ್ತಾರವಾದ ವಿವರಣೆಯಿದೆ. ಮುಂದಿನ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಪ್ರಬಂಧವೆಂಬ ಹಾಡಿನ ಅಂಗಗಳನ್ನು ಹೆಸರಿಸಿದ್ದಾನೆ. ಹಾಡನ್ನು ಎತ್ತಿಕೊಳ್ಳುವ ಭಾಗ ಉದ್ಗ್ರಾಹ. ಜೋಡಿಸುವ ಭಾಗ ಮೇಲಾಪಕ. ಬಿಡದೆ ಮರಳಿ ಬರುವ ಭಾಗ ಧ್ರುವ. ಮುಗಿಸುವ ಭಾಗ ಆಭೋಗ. ಇವುಗಳಲ್ಲಿ ಮೇಲಾಪಕ, ಆಭೋಗಗಳನ್ನು ಬಿಡಬಹುದು. ಉದ್ಗ್ರಾಹವನ್ನೂ ಧ್ರುವವನ್ನೂ ಬಿಡುವಂತಿಲ್ಲ. ಆರಂಭವೂ ಮರುಕಳಿಕೆಯೂ ಇಲ್ಲದೆ ಹಾಡಿಲ್ಲ ಎಂಬುದು ಇದರ ತಾತ್ಪರ್ಯ. ರಚನಕಾರನ ಹೆಸರಿಗೆ ಸ್ಥಳ ಆಭೋಗದಲ್ಲಿ. ದಾಸರ ಪದಗಳಲ್ಲಿ ಕೊನೆಯ ಚರಣಕ್ಕೆ ಅಂಕಿತ ಬರುವುದನ್ನು ಇದರೊಡನೆ ಹೋಲಿಸಬಹುದು.

ಇನ್ನು ಇದೇ ನೆಲದ ಇನ್ನೊಂದು ಬಗೆಯ ರಚನೆಯನ್ನು ನೋಡೋಣ. ಅಲ್ಲಮಪ್ರಭುವಿನ ಊರು ಬಳ್ಳಿಗಾವೆ, ಅಕ್ಕಮಹಾದೇವಿಯ ಊರು ಉಡುತಡಿ ಎಂದು ಪರಂಪರೆ ಹೇಳುತ್ತದೆ. ಹರಿಹರನ ರಗಳೆಯಲ್ಲಿ ಅಲ್ಲಮನು ಮದ್ದಳೆಗಾರ, ತಾಳಲಯಗಳನ್ನು ಬಲ್ಲವನು. ಆದರೂ ಅವನ ವಚನಗಳಲ್ಲಿ ಪಲ್ಲವಿಯಿಲ್ಲ, ಚರಣವಿಲ್ಲ. ಶರಣರಿಗೆ ಹಾಡಿನ ರೂಪ ತಿಳಿಯದೆ ಹೀಗಾಯಿತೆನ್ನುವಂತಿಲ್ಲ. ರಾಗದಲ್ಲಿ ಹಾಡುವುದಕ್ಕೆಂದೇ ಪಲ್ಲವಿ, ನುಡಿಗಳಿರುವ ಸ್ವರವಚನಗಳೂ ಶರಣ ಪರಂಪರೆಯಲ್ಲಿವೆ. ವಚನದ ನಡೆಯೇ ಬೇರೆ. ಅಲ್ಲಿ ಒಂದು ಮಾತಿನ ಮೇಲೆ ಇನ್ನೊಂದು ಮಾತು ಏರುತ್ತ ಹೋಗಿ ಕೊನೆಗೆ ಗುಹೇಶ್ವರನಲ್ಲಿಯೋ ಚೆನ್ನಮಲ್ಲಿಕಾರ್ಜುನನಲ್ಲಿಯೋ ನಿಲ್ಲುತ್ತದೆ.

ಹಾಗಾದರೆ ವಚನವನ್ನು ಹಾಡುವುದು ಹೇಗೆ? 20ನೆಯ ಶತಮಾನದಲ್ಲಿ ಮಲ್ಲಿಕಾರ್ಜುನ ಮನ್ಸೂರರಂಥ ಹಿಂದುಸ್ತಾನಿ ಗಾಯಕರು ವಚನಗಳನ್ನು ರಾಗಕ್ಕೆ ಅಳವಡಿಸಿ ಹಾಡಿದರು. ವಚನಗಾಯನದಲ್ಲಿ ಸಾಮಾನ್ಯವಾಗಿ ಮೊದಲ ಸಾಲನ್ನೇ ಪಲ್ಲವಿಯಂತೆ ಹಿಡಿದು ಮತ್ತೆ ಮತ್ತೆ ಅಲ್ಲಿಗೆ ಮರಳುತ್ತಾರೆ. ಇದು ಬರಿಯ ಅನುಕೂಲದ ವಿಷಯವಲ್ಲ. ವಚನ ಪ್ರಶ್ನೆಯಿಂದ ಆರಂಭವಾಗಿದ್ದರೆ ಹಾಡಿನಲ್ಲಿ ಪ್ರಶ್ನೆ ಮರುಕಳಿಸುತ್ತದೆ. ಅಂಕಿತವಿರುವ ಕೊನೆಯ ಸಾಲನ್ನು ಪಲ್ಲವಿ ಮಾಡಿದರೆ ಉತ್ತರ ಮರುಕಳಿಸುತ್ತದೆ. ಪದಗಳು ಅವೇ ಆದರೂ ಕೇಳುವವನ ಮನಸ್ಸಿನಲ್ಲಿ ಉಳಿಯುವ ಅರ್ಥ ಬೇರೆಯಾಗುತ್ತದೆ. ಯಾವ ಸಾಲು ಮರಳಿ ಬರಬೇಕೆಂದು ತೀರ್ಮಾನಿಸುವವನು ಹಾಡು ಏನು ಹೇಳುತ್ತದೆಂಬುದನ್ನೂ ತೀರ್ಮಾನಿಸುತ್ತಾನೆ.

ಯಂತ್ರದ ಮುಂದೆ ಕುಳಿತಾಗ ಈ ತೀರ್ಮಾನವನ್ನು ಅದಕ್ಕೇ ಬಿಟ್ಟುಕೊಡುವ ಆಸೆ ಸಹಜ. ಯಂತ್ರವು ಅಸಂಖ್ಯ ಹಾಡುಗಳ ಧ್ವನಿಮುದ್ರಣಗಳಿಂದ ವಾಡಿಕೆಗಳನ್ನು ಕಲಿತಿದೆ. ಗುರುತಿಲ್ಲದ ಸಾಲುಗಳನ್ನು ಕೊಟ್ಟರೆ ತನಗೆ ಹೆಚ್ಚು ಪರಿಚಿತವಾದ ಅಚ್ಚಿನಲ್ಲಿಯೇ ಅವನ್ನು ಎರಕ ಹೊಯ್ಯುವ ಸಂಭವವಿದೆ. ಗುರುತು ಹಾಕಿದರೂ ಅದು ಸೂಚನೆಯೇ ಹೊರತು ಕಟ್ಟಳೆಯಲ್ಲ. ಯಂತ್ರ ಅದನ್ನು ಪಾಲಿಸಬಹುದು, ತಪ್ಪಬಹುದು. ಆದುದರಿಂದ ಕೇಳಿ, ತಿದ್ದಿ, ಮತ್ತೆ ಕೊಡುವ ತಾಳ್ಮೆ ಬೇಕು.

ಅದಕ್ಕೂ ಮೊದಲು ಒಂದು ಕೆಲಸವಿದೆ. ನಿಮ್ಮೂರಿನ ಕೆರೆಯ ಮೇಲೋ ಮಳೆಯ ಮೇಲೋ ನೀವೇ ಎಂಟು ಸಾಲು ಬರೆಯಿರಿ. ಪೆನ್ಸಿಲು ಹಿಡಿದು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಹತ್ತು ಜನ ಕೂಡಿ ಹಾಡಬಹುದಾದ ಸಾಲು ಯಾವುದು? ಅದರ ಪಕ್ಕದಲ್ಲಿ ‘ಪ’ ಎಂದು ಬರೆಯಿರಿ. ಪ್ರತಿಯೊಂದು ಚರಣವೂ ಹಿಂದಿನದು ಹೇಳದ ಯಾವುದಾದರೂ ಮಾತನ್ನು ಹೇಳುತ್ತದೆಯೆ? ಇಲ್ಲವಾದರೆ ಹೊಡೆದುಹಾಕಿ. ಪಲ್ಲವಿ ಮೂರನೆಯ ಸಲ ಬಂದಾಗ ಮೊದಲಿಗಿಂತ ಹೆಚ್ಚು ಅರ್ಥ ಕೊಡುತ್ತದೆಯೆ? ಕೊಡದಿದ್ದರೆ ಪಲ್ಲವಿಯನ್ನು ಬದಲಿಸಿ. ಆಮೇಲೆ ಆ ಸಾಹಿತ್ಯವನ್ನು ಯಂತ್ರಕ್ಕೆ ಕೊಡಿ.

ಹಾಡಿನ ಕೊನೆಗೆ ಅಂಕಿತವಿಡುತ್ತಿದ್ದ ಶರಣರೂ ದಾಸರೂ ತಮ್ಮ ಹೆಸರನ್ನಲ್ಲ, ತಮ್ಮ ದೈವದ ಹೆಸರನ್ನು ಇಟ್ಟರು. ಆದರೂ ಆ ಒಂದು ಪದದಿಂದ ಮಾತು ಯಾರದೆಂದು ನಾಡು ಗುರುತಿಸಿತು. ಆ ಮಾತಿಗೆ ಅವರು ಹೊಣೆಯಾದರು. ಯಂತ್ರ ಕಂಠ ಕೊಡಬಲ್ಲದು, ವಾದ್ಯ ಕೊಡಬಲ್ಲದು. ಹಾಡಿದ ಮಾತಿಗೆ ಹೊಣೆ ಹೊರುವ ಅಂಕಿತವನ್ನು ಮಾತ್ರ ನಾವೇ ಇಡಬೇಕಾಗಿದೆ.