ಗಾಜಿನ ಕಡಲಿಗೆ ಬಂದ ಪಾಚಿ

ಪಾಚಿಯೆಂದೊಡನೆ ನಮಗೆ ನೆನಪಾಗುವುದು ಕಲ್ಯಾಣಿಯ ಮೆಟ್ಟಿಲು. ಕಾಲು ಜಾರಿಸುವ ಈ ವಸ್ತುವಿಗೂ ಒಂದು ಚರಿತ್ರೆ ಇದ್ದೀತೆಂದು ನಾವು ಸಾಮಾನ್ಯವಾಗಿ ಎಣಿಸುವುದಿಲ್ಲ. ಆದರೆ ಕಡಲಿನ ಒಂದು ತುಣುಕನ್ನು ಮನೆಯೊಳಕ್ಕೆ ತಂದು ಗಾಜಿನ ತೊಟ್ಟಿಯಲ್ಲಿ ಸಾಕಬೇಕೆಂದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನವರು ಹೊರಟಾಗ ಅವರ ಜಾಣ್ಮೆಯನ್ನೆಲ್ಲ ಪರೀಕ್ಷಿಸಿದ್ದು ಈ ಪಾಚಿಯೇ.

1846ರಲ್ಲಿ ಅನಾ ಥಿನ್ ಎಂಬ ಮಹಿಳೆ ಟಾರ್ಕಿಯ ಕಡಲತೀರದಿಂದ ಹವಳದ ಜಾತಿಯ ಕೆಲವು ಜೀವಿಗಳನ್ನು ಲಂಡನ್ನಿಗೆ ತಂದರು. ನೀರಿನಲ್ಲಿ ಪ್ರಾಣವಾಯು ತೀರದಂತೆ ಅದನ್ನು ತೆರೆದ ಕಿಟಕಿಯ ಬಳಿ ಪಾತ್ರೆಯಿಂದ ಪಾತ್ರೆಗೆ ಹೊಯ್ಯುವ ಕೆಲಸ ಮನೆಯ ಸೇವಕಿಯ ಪಾಲಿಗೆ ಬಂತು. ಆಕೆಯ ತೋಳುಗಳೇ ಆ ತೊಟ್ಟಿಯ ಯಂತ್ರವಾಗಿದ್ದುವೆಂದರೆ ತಪ್ಪಲ್ಲ. ಮರುವರ್ಷ ಥಿನ್ ಅವರು ನೀರಿಗೆ ಕಡಲಸಸ್ಯಗಳನ್ನು ಸೇರಿಸಿದರು. ಬಿಸಿಲಿನಲ್ಲಿ ಹಸಿರು ಗಿಡ ಪ್ರಾಣವಾಯುವನ್ನು ಬಿಡುತ್ತದೆಂಬುದನ್ನು ಇಂಗೆನ್‌ಹೌಸ್ 1779ರಲ್ಲಿಯೇ ತೋರಿಸಿಕೊಟ್ಟಿದ್ದರಷ್ಟೆ.

ಈ ತತ್ತ್ವವನ್ನು ಕ್ರಮವಾಗಿ ಪರೀಕ್ಷೆಗೆ ಒಡ್ಡಿದವರು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್. 1849ರಲ್ಲಿ ಅವರು ಸಿಹಿನೀರಿನ ತೊಟ್ಟಿಯಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ಒಂದು ಜಲಸಸ್ಯವನ್ನೂ ಇರಿಸಿದರು. ಮೀನು ಬಿಟ್ಟ ಇಂಗಾಲಾಮ್ಲವನ್ನು ಗಿಡ ಹೀರಬೇಕು, ಗಿಡ ಬಿಟ್ಟ ಪ್ರಾಣವಾಯುವನ್ನು ಮೀನು ಉಸಿರಾಡಬೇಕು, ಲೆಕ್ಕ ಸರಿಹೋಗಬೇಕು. ಹೋಗಲಿಲ್ಲ. ಹಳೆಯ ಎಲೆಗಳು ಕೊಳೆತವು, ನೀರು ಕದಡಿತು, ಗಾಜಿನ ಮೇಲೆ ಹಸಿರು ಹಾವಸೆ ಹಬ್ಬಿತು. ಆಗ ಅವರು ಕೊಳದ ಬಸವನಹುಳುಗಳನ್ನು ಕೆಲವನ್ನು ತಂದು ಬಿಟ್ಟರು. ಅವು ಕೊಳೆತದ್ದನ್ನೂ ಹಾವಸೆಯನ್ನೂ ಮೇಯ್ದವು, ಅವುಗಳ ಮೊಟ್ಟೆ ಮರಿಗಳು ಮೀನಿಗೆ ಆಹಾರವಾದವು, ನೀರು ತಿಳಿಯಾಯಿತು. ಇಬ್ಬರ ಸಂಸಾರವೆಂದುಕೊಂಡದ್ದು ಮೂವರ ಸಂಸಾರವಾಗಿತ್ತು. ಈ ವರದಿ 1850ರಲ್ಲಿ ಕೆಮಿಕಲ್ ಸೊಸೈಟಿಯ ಮುಂದೆ ಬಂತು. ಮುಂದೆ ಕಡಲನೀರಿಗೆ ಕೈಹಾಕಿದಾಗಲೂ ಅವರು ಇದೇ ದಾರಿ ಹಿಡಿದು, ಪೆರಿವಿಂಕಲ್ ಎಂಬ ಕಡಲ ಬಸವನಹುಳುವನ್ನು ನೇಮಿಸಿದರು.

ಈ ಮೇಯುವಿಕೆಯನ್ನು ಕಣ್ಣಿಟ್ಟು ನೋಡಿದವರು ಫಿಲಿಪ್ ಹೆನ್ರಿ ಗಾಸ್. ಬುಗುರಿಯಾಕಾರದ ಚಿಪ್ಪಿನ ಹುಳುವೊಂದು ಗಾಜಿನ ಪಾಚಿಯನ್ನು ನಾಲಗೆಯಿಂದ ಹೆರೆಯುತ್ತ ಸಾಗುವಾಗ ಉಳಿಯುವ ಬಾಗಿದ ಗೆರೆಗಳು ಅವರಿಗೆ ಹುಲ್ಲು ಕೊಯ್ಯುವವನ ಕುಡುಗೋಲಿನ ಸಾಲುಗಳಂತೆ ಕಂಡವು. 1854ರಲ್ಲಿ ಬಂದ ಅವರ ‘ದಿ ಅಕ್ವೇರಿಯಂ’ ಗ್ರಂಥ ಈ ಹವ್ಯಾಸವನ್ನು ಊರೂರಿಗೆ ಹಬ್ಬಿಸಿತು. ಓದಿದವರು ಬುಟ್ಟಿ ಹಿಡಿದು ಕಡಲತೀರಕ್ಕೆ ಹೊರಟರು. ತೊಟ್ಟಿ ಕೆಟ್ಟು ಜೀವಿಗಳು ಸತ್ತರೆ ಬಂಡೆಯ ಹೊಂಡಗಳಿಂದ ಮತ್ತೆ ಹೊಸವನ್ನು ಬಾಚಿ ತರುವುದು ಸುಲಭವಾಗಿತ್ತು. ಹೀಗೆ ಆ ಹೊಂಡಗಳು ಬರಿದಾದುದನ್ನೂ ತಮ್ಮ ಗ್ರಂಥಗಳೇ ಅದಕ್ಕೆ ಕಾರಣವಾದುವಲ್ಲಾ ಎಂದು ತಂದೆ ನೊಂದುದನ್ನೂ ಮಗ ಎಡ್ಮಂಡ್ ಗಾಸ್ 1907ರ ತನ್ನ ಪುಸ್ತಕದಲ್ಲಿ ಬರೆದಿದ್ದಾರೆ. ತೊಟ್ಟಿಯಲ್ಲಿ ನೀರು ಕೆಡದಂತೆ ನೋಡಿಕೊಳ್ಳುವ ವಿದ್ಯೆ ಬರಿಯ ಅಂದಚಂದದ ಮಾತಾಗಿರಲಿಲ್ಲ.

ತೊಡಕಿನ ಮೂಲ ಗಾಜಿನಲ್ಲಿಯೇ ಇತ್ತು. ಕಡಲಿನಲ್ಲಿ ಬೆಳಕು ಮೇಲಿನಿಂದ ಇಳಿಯುತ್ತದೆ. ಗಾಜಿನ ಪೆಟ್ಟಿಗೆಗೆ ನಾಲ್ಕೂ ಕಡೆಯಿಂದ ನುಗ್ಗುತ್ತದೆ. ಇದನ್ನರಿತ ವಾರಿಂಗ್‌ಟನ್ ಮುಂಭಾಗಕ್ಕೆ ಮಾತ್ರ ಗಾಜು ಉಳಿಸಿ ಹಿಂಬದಿಯನ್ನು ಇಳಿಜಾರಾಗಿಸಿದ ತೊಟ್ಟಿಯನ್ನು ರೂಪಿಸಿದರು. ಇನ್ನೂ ಮುಂದೆ ಹೋದವರು ವಿಲಿಯಂ ಆಲ್ಫರ್ಡ್ ಲಾಯ್ಡ್. ಲಂಡನ್ನಿನಲ್ಲಿ ಕಡಲಜೀವಿಗಳ ಅಂಗಡಿ ಇಟ್ಟು ದಿವಾಳಿಯಾದ ಈ ಮನುಷ್ಯ ನೀರಿನ ಸ್ವಭಾವವನ್ನು ಆ ಕಾಲದ ಪಂಡಿತರಿಗಿಂತ ಚೆನ್ನಾಗಿ ಬಲ್ಲವರಾಗಿದ್ದರೆಂದೇ ನನ್ನ ಎಣಿಕೆ. ಹಸಿರಾದ ಕಡಲನೀರನ್ನು ಕತ್ತಲಲ್ಲಿಟ್ಟರೆ ಅದು ಮತ್ತೆ ತಿಳಿಯಾಗುತ್ತದೆಂಬುದನ್ನು ಅವರು ಹಿಡಿದುಕೊಂಡರು. ಹ್ಯಾಂಬರ್ಗಿನಲ್ಲಿ 1864ರಲ್ಲಿಯೂ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನಲ್ಲಿ 1871ರಲ್ಲಿಯೂ ತೆರೆದ ಮತ್ಸ್ಯಾಲಯಗಳಲ್ಲಿ, ಜನ ನೋಡುವ ತೊಟ್ಟಿಗಳಿಗಿಂತ ಎಷ್ಟೋ ದೊಡ್ಡದಾದ ಕತ್ತಲೆಯ ತೊಟ್ಟಿ ನೆಲದಡಿ ಇತ್ತು. ನೀರು ಅಲ್ಲಿಂದ ಮೇಲಕ್ಕೂ ಮೇಲಿನಿಂದ ಅಲ್ಲಿಗೂ ಬಿಡುವಿಲ್ಲದೆ ತಿರುಗುತ್ತಿತ್ತು. ಗಿಡಗಳನ್ನು ತಂದು ನೆಡುವ ಅಗತ್ಯವೇ ಇಲ್ಲ, ಬಂಡೆಯ ಮೇಲೆ ತಾನಾಗಿ ಮೊಳೆಯುವ ಪಾಚಿಯೇ ಸಾಕು ಎಂಬುದು ಲಾಯ್ಡರ ವಾದ. ಎಲ್ಲರೂ ಕಳೆಯೆಂದು ಕೀಳುತ್ತಿದ್ದುದನ್ನು ಅವರು ಬೆಳೆಯೆಂದು ಕರೆದರು. ಹೊಸ ನೀರಿಗಿಂತ ಹಳೆಯ ನೀರು ಮೇಲೆಂದೂ ಅವರು ಹಟ ಹಿಡಿದು ಹೇಳುತ್ತಿದ್ದರು.

ಹಳೆಯದು ಏಕೆ ಮೇಲೆಂಬುದಕ್ಕೆ ಕಾರಣ ಮುಂದಿನ ತಲೆಮಾರಿಗೆ ದೊರೆಯಿತು. ಜೀವಿಗಳ ಕಸದಿಂದ ಹುಟ್ಟುವ ಅಮೋನಿಯ ವಿಷವನ್ನು ಒಂದು ಬಗೆಯ ಬ್ಯಾಕ್ಟೀರಿಯ ನೈಟ್ರೈಟಾಗಿಯೂ ಇನ್ನೊಂದು ಬಗೆಯದು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಇವನ್ನು ಬೇರ್ಪಡಿಸಿ ತೋರಿಸಿದವರು 1890ರ ಸುಮಾರಿನಲ್ಲಿ ವಿನೊಗ್ರಾಡ್‌ಸ್ಕಿ. ಹೊಸ ತೊಟ್ಟಿಯಲ್ಲಿ ಇವು ಬೇರೂರಲು ವಾರಗಳು ಬೇಕು. ಅಷ್ಟರಲ್ಲಿ ಬರಿದಾದ ಕಲ್ಲು, ಬರಿದಾದ ಮರಳು, ತುಂಬ ಬೆಳಕು; ಮೇಯುವವರು ಯಾರೂ ಇಲ್ಲ. ಪಾಚಿಗೆ ಇದಕ್ಕಿಂತ ಒಳ್ಳೆಯ ಹೊಲ ಸಿಕ್ಕೀತೆ?

ಕೇಳುಗರಲ್ಲಿ ಇಂಥ ತೊಟ್ಟಿಯನ್ನು ಇಟ್ಟವರಿದ್ದರೆ ಬಣ್ಣ ನೋಡಿ ಹೆಸರು ಹೇಳಬಹುದು. ಮೊದಲ ವಾರಗಳಲ್ಲಿ ಮರಳಿನ ಮೇಲೆ ಕಂದು ಧೂಳಿನಂತೆ ಕೂರುವುದು ಡಯಾಟಮ್; ಸಿಲಿಕದ ಚಿಪ್ಪು ಕಟ್ಟಿಕೊಳ್ಳುವ ಇದನ್ನು ಬೆರಳಿಂದ ಒರೆಸಬಹುದು, ನೀರಿನ ಸಿಲಿಕ ತೀರಿದರೆ ಸಾಮಾನ್ಯವಾಗಿ ತಾನೇ ಅಡಗುತ್ತದೆ. ಹಸಿರು ಕೂದಲಿನಂತೆ ಜೋಲುವುದು ನಿಜವಾದ ಪಾಚಿ. ನೈಟ್ರೇಟೂ ಫಾಸ್ಫೇಟೂ ಅದರ ಗೊಬ್ಬರ. ಕೈಯಿಂದ ಕಿತ್ತು, ಆಹಾರ ತಗ್ಗಿಸಿ, ನೀರು ಬದಲಿಸಿದರೆ ಅದು ಬಗ್ಗುತ್ತದೆ. ಕೆನ್ನೇರಳೆ ಬಣ್ಣದ, ಹಾಳೆಯಂತೆ ಎದ್ದು ಬರುವ ಲೋಳೆಯ ಪೊರೆ ಪಾಚಿಯೇ ಅಲ್ಲ, ಬ್ಯಾಕ್ಟೀರಿಯದ ಕುಲದ್ದು. ನೀರು ನಿಂತಲ್ಲಿ ಅದಕ್ಕೆ ಸುಖ, ಓಡಾಡಿದಲ್ಲಿ ಕಷ್ಟ. ಅವಸರಪಟ್ಟು ತಾಮ್ರದ ಔಷಧಿ ಸುರಿದರೆ ಪಾಚಿಗಿಂತ ಮೊದಲು ಬಸವನಹುಳುವೂ ಸೀಗಡಿಯೂ ಸಾಯುತ್ತವೆ.

ಲಾಯ್ಡರ ವಾದಕ್ಕೆ ಒಂದು ಶತಮಾನದ ನಂತರ ಇನ್ನೊಂದು ರೂಪ ಬಂತು. ವಾಷಿಂಗ್‌ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ 1980ರಲ್ಲಿ ವಾಲ್ಟರ್ ಏಡಿ ಜೀವಂತ ಹವಳದ ದಿಬ್ಬವನ್ನು ತೊಟ್ಟಿಯಲ್ಲಿ ನಿಲ್ಲಿಸಿದರು. ಅದರ ಪಕ್ಕದಲ್ಲಿ ಆಳವಿಲ್ಲದ ದೋಣಿಗಳು, ಅವುಗಳಲ್ಲಿ ಬಲೆಗಳು, ಮೇಲೆ ಪ್ರಖರವಾದ ದೀಪ. ಬೇಡವಾದ ಪಾಚಿಯನ್ನು ಬೇಕೆಂದೇ ಅಲ್ಲಿ ಬೆಳೆಸಿ, ಆಗಾಗ ಹೆರೆದು ಹೊರಗೆ ಹಾಕುವುದು ಅವರ ಕ್ರಮ. ವಾರಿಂಗ್‌ಟನ್ನರ ಬಸವನಹುಳು ಮೇಯ್ದದ್ದರಲ್ಲಿ ಹೆಚ್ಚಿನ ಪಾಲು ಹಿಕ್ಕೆಯಾಗಿ ಅದೇ ನೀರಿಗೆ ಮರಳುತ್ತಿತ್ತು. ಏಡಿಯವರ ಬಲೆಯಿಂದ ಹೆರೆದದ್ದು ತನ್ನೊಡನೆ ನೀರಿನ ಗೊಬ್ಬರವನ್ನೂ ತೊಟ್ಟಿಯ ಹೊರಕ್ಕೆ ಒಯ್ಯುತ್ತಿತ್ತು.